ರಾತ್ರಿಯಿಡೀ ಸಾಲುವಷ್ಟು ಬಿಸಿಲು

ಮನೆಯಿಂದ,
ಹನ್ನೆರಡನೆಯ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಸೊಸೆಗೆ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಕೆಲಸದಲ್ಲಿ ದಿನವಿಡೀ ನಿಂತೇ ಇರಬೇಡ, ಸಿಕ್ಕಾಗ ಎರಡು ನಿಮಿಷ ಕುಳಿತುಕೋ. ನನ್ನ ಮೊಮ್ಮಗಳು ಗುಂಡಿ ಏನು ಮಾಡುತ್ತಿದ್ದಾಳೆ? ರಾತ್ರಿ ಉಸಿರಿನ ಯಂತ್ರದ ಮುಖವಾಡವನ್ನು ಕಿತ್ತೆಸೆಯದೆ ಮಲಗುತ್ತಾಳೆಯೇ? ಅದರ ಪಟ್ಟಿ ಮಗುವಿನ ಕೆನ್ನೆಗೆ ಒತ್ತುತ್ತದೆ ಎಂದಿದ್ದೆಯಲ್ಲ, ಪಟ್ಟಿಗೆ ಸುತ್ತಲು ಮೆತ್ತನೆಯ ಬಟ್ಟೆ ಹೊಲಿದು ಈ ಪತ್ರದ ಜೊತೆಗೇ ಇಟ್ಟಿದ್ದೇನೆ. ಇಲ್ಲಿ ನಾವು ಇದ್ದೇವೆ. ನಿನ್ನ ಮಾವನ ಮಂಡಿ ಎಂದಿನಂತೆ ಗೊಣಗುತ್ತದೆ, ಅದಕ್ಕಿಂತ ಹೆಚ್ಚು ಅವರು ಗೊಣಗುತ್ತಾರೆ. ನನಗೆ ಕಾಯಿಲೆ ಏನಿಲ್ಲ. ನೀವಿಬ್ಬರೂ ಹೋದ ಮೇಲೆ ನನಗೆ ಅಳುವೂ ಬಂದಿಲ್ಲ, ಸಿಟ್ಟೂ ಬಂದಿಲ್ಲ. ಹೊಲಿಯಲು ಬಂದ ಬಟ್ಟೆಗಳನ್ನು ಹೊಲಿದು ಕೊಡುತ್ತೇನೆ. ತಿಂದದ್ದರ ರುಚಿ ತಿಳಿಯುವುದಿಲ್ಲ, ಅಷ್ಟೇ.

ಕೆರೆ ದಂಡೆಯ ಕ್ಯಾಂಪಿಂಗಿಗೆ ಈ ವರ್ಷವೂ ಬನ್ನಿ ಎಂದು ಫೋನಿನಲ್ಲಿ ಕರೆದಾಗ ನೀನು, "ನಿಮ್ಮ ಮಗನ ಮಾತು ನಂಬ್ಕೊಂಡು ಮಗೂನ ಕರೆಂಟಿಲ್ಲದ ಕಡೆ ಕರ್ಕೊಂಡು ಬರಲ್ಲ ಅತ್ತೆ" ಅಂದೆ. ನಾನು ಹೂಂ ಅಂದು ಫೋನಿಟ್ಟೆ. ಹೋದ ವರ್ಷ ನನ್ನ ಮಗ ಸೋಲಾರ್ ಪ್ಯಾನೆಲ್ ಎರಡನ್ನೂ ಕರೆಂಟು ತುಂಬಿಟ್ಟುಕೊಳ್ಳುವ ಆ ಪವರ್ ಸ್ಟೇಷನ್ ಪೆಟ್ಟಿಗೆಗೆ ಸಿಕ್ಕಿಸಿ, "ಚಾರ್ಜ್ ಆಗ್ತಿದೆ" ಎಂದು ಹೇಳಿ, ತಿರುಗಿಯೂ ನೋಡದೆ ಗಾಳ ಹಿಡಿದು ನೀರಿನ ಕಡೆ ಹೋದ. ಮನೆಯಿಂದ ತಂದಾಗ ಇದ್ದಷ್ಟು ಬಿಟ್ಟರೆ ಪೆಟ್ಟಿಗೆಯೊಳಗೆ ಒಂದಿಷ್ಟೂ ಕರೆಂಟು ಹೋಗಿರಲಿಲ್ಲ. ಬೆಳಗಾಗುವ ಮೊದಲೇ ಯಂತ್ರ ನಿಂತಿತು, ಮಗುವಿನ ತುಟಿ ನೀಲಿಯಾಯಿತು, ನೀನು ಚಪ್ಪಲಿಯನ್ನೂ ಮೆಟ್ಟದೆ ಕಾರು ಓಡಿಸಿದೆ. ಆಮೇಲೆ ಆಸ್ಪತ್ರೆಯ ಬಾಗಿಲಲ್ಲಿ ಅವನು "ಏನೂ ಆಗಲಿಲ್ವಲ್ಲ" ಅಂದದ್ದು ನನಗೂ ಕೇಳಿಸಿತು. ನೀನು ಮನೆ ಬಿಟ್ಟದ್ದು ಕರೆಂಟಿಗಲ್ಲ, ಆ ಮಾತಿಗೆ ಎಂದು ನನಗೆ ಗೊತ್ತು. ಅದಕ್ಕೇ ಈ ಸಲ ಯಾರ ಬಾಯಿಮಾತೂ ಬೇಡ, ನನ್ನದೂ ಬೇಡ ಎಂದು ಪೆಟ್ಟಿಗೆಯನ್ನು ನಾನೇ ತಾರಸಿಗೆ ಹೊತ್ತುಕೊಂಡು ಹೋದೆ.

ಅಳತೆ ನೋಡದೆ ಕತ್ತರಿ ಹಾಕಿದವಳಲ್ಲ ನಾನು. ಸೋಲಾರಿನಿಂದ ಹನ್ನೆರಡರಿಂದ ಮೂವತ್ತು ವೋಲ್ಟ್ ತನಕ ತೆಗೆದುಕೊಳ್ಳುತ್ತೇನೆ ಎಂದು ಪೆಟ್ಟಿಗೆಯ ಬೆನ್ನ ಮೇಲೇ ಬರೆದಿದೆ. ಒಂದೊಂದು ಪ್ಯಾನೆಲ್ಲೂ ಇಪ್ಪತ್ತೆರಡು ವೋಲ್ಟಿನದು. ಅವನು ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿದ್ದ. ಹಾಗೆ ಕಟ್ಟಿದರೆ ವೋಲ್ಟು ಕೂಡಿಕೊಂಡು ನಲವತ್ತನಾಲ್ಕಾಗುತ್ತದೆ, ಪೆಟ್ಟಿಗೆ ಸುಟ್ಟುಹೋಗಬಾರದೆಂದು ಬಾಯಿ ಮುಚ್ಚಿಕೊಂಡು ಕೂರುತ್ತದೆ ಎಂದು ಸೋಲಾರ್ ಅಂಗಡಿಯವನು ವಿವರಿಸಿದ. ಪ್ಲಸ್ಸಿಗೆ ಪ್ಲಸ್ಸು, ಮೈನಸ್ಸಿಗೆ ಮೈನಸ್ಸು ಸೇರಿಸುವ ಕವಲು ವೈರು ಕೊಟ್ಟ. ಈಗ ವೋಲ್ಟು ಇಪ್ಪತ್ತೆರಡರಲ್ಲೇ ನಿಲ್ಲುತ್ತದೆ, ಕರೆಂಟು ಮಾತ್ರ ಎರಡು ಪಟ್ಟು. ಚಳಿಯ ಬೆಳಗಿನಲ್ಲಿ ವೋಲ್ಟು ತುಸು ಏರುತ್ತದಂತೆ. ಏರಿದರೂ ಮೂವತ್ತು ಮುಟ್ಟುವುದಿಲ್ಲ, ಅದನ್ನೂ ಕೇಳಿಕೊಂಡೇ ಬಂದೆ. ಪ್ಯಾನೆಲ್ ಮೇಲೆ ನೆರಳು ಬೀಳದಂತೆ ನೋಡಿಕೊಳ್ಳುವ ಕೆಲಸ ನಿನ್ನ ಮಾವನದು. ಅವರು ಅದರ ಎದುರಿಗೇ ನಿಂತು, ತಮ್ಮ ನೆರಳನ್ನೇ ಅದರ ಮೇಲೆ ಚೆಲ್ಲಿಕೊಂಡು, ಬಹಳ ಶ್ರದ್ಧೆಯಿಂದ ನೋಡಿಕೊಂಡರು. ಕುರ್ಚಿ ಹಾಕಿ ಹಿಂದೆ ಕೂರಿಸಬೇಕಾಯಿತು.

ನೀನು ಬಿಟ್ಟುಹೋದ ಹಳೆಯ ಉಸಿರಿನ ಯಂತ್ರವನ್ನು ಗುಂಡಿಯ ಮಂಚದ ಪಕ್ಕದಲ್ಲಿಟ್ಟು, ತುಂಬಿದ ಪೆಟ್ಟಿಗೆಗೆ ಸಿಕ್ಕಿಸಿ, ಮುಖವಾಡವನ್ನು ದಿಂಬಿಗೆ ಕಟ್ಟಿ, ಅವಳು ಮಲಗುವ ಹೊತ್ತಿಗೆ ಹಾಕಿದೆ, ಏಳುವ ಹೊತ್ತಿಗೆ ಆರಿಸಿದೆ. ಖಾಲಿ ಹಾಸಿಗೆಯ ಪಕ್ಕ ಅದು ರಾತ್ರಿಯಿಡೀ ಉಸಿರಾಡಿತು. ಕೇಳುತ್ತಾ ಮಲಗಿದ್ದೆ, ಏನೂ ಅನ್ನಿಸಲಿಲ್ಲ. ಬೆಳಿಗ್ಗೆ ಪೆಟ್ಟಿಗೆಯಲ್ಲಿ ಐದರಲ್ಲೊಂದು ಪಾಲು ಉಳಿದಿತ್ತು. ಬಿಸಿಲಿಗೆ ಇಟ್ಟರೆ ಸಂಜೆಯೊಳಗೆ ಮತ್ತೆ ತುಂಬಿತು. ಇನ್ನೊಂದು ದಿನ ಮೋಡವಿತ್ತು, ಅರ್ಧವೂ ತುಂಬಲಿಲ್ಲ. ಇದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಮೋಡ ಕವಿದು ಪೆಟ್ಟಿಗೆ ತುಂಬದಿದ್ದರೆ ಕತ್ತಲಾಗುವ ಮೊದಲೇ ಟೆಂಟು ಕಿತ್ತು ಮನೆಗೆ ಹೊರಡುವುದು. ಅದರಲ್ಲಿ ಚರ್ಚೆ ಇಲ್ಲ. ದೀಪ, ಫೋನು, ನಿನ್ನ ಮಾವನ ರೇಡಿಯೋ ಯಾವುದನ್ನೂ ಆ ಪೆಟ್ಟಿಗೆಗೆ ಸಿಕ್ಕಿಸಲು ಬಿಡುವುದಿಲ್ಲ. ರೇಡಿಯೋ ವಿಷಯಕ್ಕೆ ಅವರು ನಿನ್ನೆಯಿಂದ ಮುಖ ಊದಿಸಿಕೊಂಡಿದ್ದಾರೆ.

ಗುಂಡಿಯ ಎರಡೂ ಕೆನ್ನೆಗೆ ನಮ್ಮಿಬ್ಬರ ಮುತ್ತು. ನಿನಗೆ ಒಳ್ಳೆಯದಾಗಲಿ ಮಗಳೇ, ಹೊತ್ತು ಹೊತ್ತಿಗೆ ಊಟ ಮಾಡು.

ಇಂತಿ,
ನಿನ್ನ ಅತ್ತೆ

ಲಕೋಟೆ ಅಂಟಿಸುವ ಮೊದಲು ಇನ್ನೊಂದು ಮಾತು. ಕೆರೆ ದಂಡೆಗೆ ನನ್ನ ಮಗ ಬರುವುದಿಲ್ಲ. ಬರಬೇಡ ಎಂದು ಈಗ ಊಟಕ್ಕೆ ಕೂತಾಗ ನಾನೇ ಹೇಳಿದೆ. "ನಾನು ನಿನ್ನ ಮಗ ಅಲ್ವೇನಮ್ಮಾ" ಅಂದ. "ಹೌದು, ಅದಕ್ಕೇ ನಾನೇ ಹೇಳ್ತಿದ್ದೀನಿ" ಅಂದೆ. ಅರ್ಧ ಊಟಕ್ಕೆ ಎದ್ದು ಹೋದ. ತಟ್ಟೆ ಇನ್ನೂ ಮೇಜಿನ ಮೇಲೆ ಹಾಗೇ ಇದೆ, ತೆಗೆಯಲು ನನಗೆ ಕೈ ಬರುತ್ತಿಲ್ಲ. ನೀವಿಬ್ಬರೂ ಬನ್ನಿ.