ಗೊಂಬೆಯ ನಾಡಿ

ಅಮ್ಮಾ,

ಆ ಬೆಳಿಗ್ಗೆ ನಿನ್ನ ನಾಡಿ ಎಪ್ಪತ್ತೆರಡು ಎಂದು ನಾನು ಹೇಳಿದ್ದು ಸುಳ್ಳು. "ಅರ್ಧ ನರ್ಸಮ್ಮಾ, ಎಷ್ಟಿದೆ ನೋಡೇ" ಎಂದು ನೀನು ನಗುತ್ತ ಕೈ ಚಾಚಿದಾಗ ನನ್ನ ಬೆರಳಿಗೆ ಸಿಕ್ಕಿದ್ದು ಎಣಿಸಲಾಗದಷ್ಟು ಸಣ್ಣ ಮಿಡಿತ. ಹೆದರಿ ಹಾಗೆಂದೆ. "ಸರಿ, ಹಾಗಾದ್ರೆ ಆಸ್ಪತ್ರೆ ಬೇಡ ಬಿಡು" ಎಂದು ನೀನು ಮಗ್ಗುಲು ತಿರುಗಿದೆ. ಸಂಜೆಗೆ ನೀನಿರಲಿಲ್ಲ.

ಇವತ್ತು ಅಂಕಪಟ್ಟಿ ವಾಪಸು ತರಲು ಕಾನ್ವೆಂಟ್ ಸಿಸ್ಟರುಗಳ ನರ್ಸಿಂಗ್ ಕಾಲೇಜಿಗೆ ಹೋಗಿದ್ದೆ. ಪ್ರಾರ್ಥನಾ ಮಂದಿರದ ಪಕ್ಕದ ಕೋಣೆಯಲ್ಲಿ ಹೊಸ ಹುಡುಗಿಯರು ನಾನೂ ಅಭ್ಯಾಸ ಮಾಡಿದ್ದ ಅದೇ ರಬ್ಬರ್ ಗೊಂಬೆಯ ಮಣಿಕಟ್ಟು ಹಿಡಿದು, ಗಡಿಯಾರ ನೋಡಿ, ಚಾರ್ಟಿನಲ್ಲಿ ಎಪ್ಪತ್ತೆರಡು ಎಂದು ಬರೆಯುತ್ತಿದ್ದರು. ಗೊಂಬೆಗೆ ನಾಡಿಯಿಲ್ಲವೆಂದು ಎಲ್ಲರಿಗೂ ಗೊತ್ತು. ಚಾರ್ಟು ತುಂಬಬೇಕು, ಅಷ್ಟೇ. ನಾನೊಬ್ಬಳೇ 'ನಾಡಿ ಇಲ್ಲ' ಎಂದು ಬರೆದು, ತಿದ್ದಲು ಒಪ್ಪದೆ, ಜಗಳವಾಡಿ ಓದು ಬಿಟ್ಟವಳು.

ಪ್ರಿನ್ಸಿಪಾಲ್ ಸಿಸ್ಟರ್ ಅಂಕಪಟ್ಟಿಯ ಜೊತೆ ನನ್ನ ಆ ಚಾರ್ಟನ್ನೂ ಕೊಟ್ಟರು.

"ಹಠಮಾರಿ, ಎಪ್ಪತ್ತೆರಡು ಅಂತ ಬರೆದಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಆದ್ರೂ ಇಷ್ಟು ವರ್ಷದಲ್ಲಿ ಸುಳ್ಳು ಬರೆಯದ ಹುಡುಗಿ ನೀನೊಬ್ಬಳೇ. ವಾಪಸ್ ಬಾ. ಅಮ್ಮನೂ ಖುಷಿಪಡ್ತಾರೆ."

ನೀನಿಲ್ಲ ಎಂದೆ. ಅವರು ಎದ್ದು ಬಂದು ನನ್ನ ಕೈ ಹಿಡಿದುಕೊಂಡರು.

"ಕೊನೇಲಿ ಹತ್ರ ಇದ್ಯಾ? ನಾಡಿ ನೋಡಿದ್ಯಾ?"

"ಹೂಂ, ಸಿಸ್ಟರ್."

ಎಷ್ಟಿತ್ತು ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಮನೆ ಖಾಲಿ ಮಾಡಿದ್ದೇನೆ. ಆ ಚಾರ್ಟನ್ನು ಎಲ್ಲಿಡಬೇಕೆಂದು ತಿಳಿಯದೆ ಚೀಲದ ತಳದಲ್ಲಿ, ನಿನ್ನ ಸೀರೆಯ ಕೆಳಗೆ ಇಟ್ಟಿದ್ದೇನೆ. ನಾಳೆ ಬೆಳಗಿನ ಬಸ್ಸಿಗೆ ಊರು ಬಿಡುತ್ತಿದ್ದೇನೆ.