ತಿರುಗಿಸಿ ಇಟ್ಟ ಅಡುಗೆಮನೆ

ಮಾರ್ಚ್ 4, ಬೆಳಿಗ್ಗೆ

ಗುಬ್ಬಿ ಹೇಗಿದ್ದಾಳೆ? ಷಡ್ಡಕರ ಕೆಮ್ಮು ಇಳಿಯಿತೇ? ಪುಟ್ಟಿಯ ಅಲ್ಲಾಡುವ ಹಲ್ಲು ಬಿತ್ತೇ? ಮೊಣಕಾಲು ನೋವಿನ ಅಜ್ಜಿ ಮೆಟ್ಟಿಲು ಹತ್ತುತ್ತಾರೆಯೇ? ಎಲ್ಲಕ್ಕಿಂತ ಮೊದಲು, ಇವಳು ಹೇಗಿದ್ದಾಳೆ?

ನೋಡು, ಮತ್ತೆ ಅದೇ. ಇದು ಯಾರಿಗೂ ಕಳಿಸುವ ಕಾಗದವಲ್ಲ. ನನ್ನ ಪಾಡಿಗೆ ಬರೆದುಕೊಳ್ಳುವುದು. ಆದರೆ ಜೀವಮಾನವೆಲ್ಲ ನೆಂಟರಿಗೆ ಕಾಗದ ಬರೆದ ಕೈ. ಪೆನ್ನು ಹಿಡಿದರೆ ಕ್ಷೇಮ ಕೇಳದೆ ಮುಂದಿನ ಸಾಲಿಗೆ ಹೋಗುವುದಿಲ್ಲ. ಶಾಲೆ ಕಂಡದ್ದು ಕಡಿಮೆ. ಅಕ್ಷರ ಕೂಡಿದ್ದು ಹೊಲಿಗೆ ಅಂಗಡಿಯಲ್ಲಿ — ಗಿರಾಕಿಗಳ ಹೆಸರನ್ನು ಬಟ್ಟೆಯ ಚೂರಿನ ಮೇಲೆ ಬರೆದು ಬರೆದು.

ಚಹಾ ಇವತ್ತೂ ಉಕ್ಕಿತು. ಇವಳಿಗೆ, ನನ್ನ ಹೆಂಡತಿಗೆ, ಸ್ಟ್ರೋಕ್ ಆದಾಗಿನಿಂದ ಒಲೆ ನನ್ನ ಪಾಲಿಗೆ ಬಂದಿದೆ. ಕಾಲು ಪರವಾಗಿಲ್ಲ ಅಂದರು. ಬಲಗೈ ಮಾತ್ರ... ಬೇರೆ ಯಾರೋ ಮರೆತು ಬಿಟ್ಟುಹೋದ ಕೈಯಂತೆ ಮಡಿಲಲ್ಲಿ ಬಿದ್ದಿರುತ್ತಿತ್ತು. ಆಸ್ಪತ್ರೆಯಿಂದ ಬಿಟ್ಟ ದಿನವೇ ಇವಳ ತಂಗಿ ಗುಬ್ಬಿ ಬಂದು ತನ್ನ ಮನೆಗೆ ಕರೆದುಕೊಂಡು ಹೋದಳು. "ಭಾವ, ನಿಮಗೆ ಮಿಷನ್ ಬಿಟ್ಟು ಏಳೋಕಾಗಲ್ಲ. ವ್ಯಾಯಾಮ ಮಾಡಿಸೋ ಹುಡುಗಿ ನಮ್ಮ ಬೀದೀಲೇ ಇದ್ದಾಳೆ. ತಿಂಗಳ ಕೊನೇವರೆಗೂ ಅಕ್ಕ ನನ್ನ ಹತ್ರ ಇರಲಿ."

ನಿಜ. ಶಾಲೆಯ ಸಮವಸ್ತ್ರದ ರಾಶಿ ತಲೆಯೆತ್ತರ ಇದೆ. ಮನೆಯಲ್ಲಿ ನಾನು, ಮಗಳು. ಮಗಳಿಗೆ ಔಷಧಿ ಅಂಗಡಿಯ ಕೆಲಸ.

ಅವಳು ಬರುವುದರೊಳಗೆ ಅಡುಗೆಮನೆ ತೊಳೆದು ಒಪ್ಪ ಮಾಡಬೇಕು. ಬಿಸಿಲೂ ಚೆನ್ನಾಗಿ ಬರತೊಡಗಿದೆ.

ಮಾರ್ಚ್ 6

ಅಡುಗೆಮನೆ ಎಷ್ಟು ಚಿಕ್ಕದು ಎಂದು ತೊಳೆಯಲು ಹೋದಾಗ ಗೊತ್ತಾಯಿತು. ಎಷ್ಟು ದೊಡ್ಡದು ಎಂದೂ. ಇಬ್ಬರು ನಿಂತರೆ ಮೂರನೆಯವರು ಬಾಗಿಲಲ್ಲಿ. ಆದರೆ ಅದರೊಳಗಿಂದ ಹೊರಬಂದ ಸಾಮಾನು ಹಾಲ್ ತುಂಬಿ, ಮಂಚದ ಮೇಲೆ ಕೂತು, ಮಿಷನ್ನಿನ ಕಾಲ ಬಳಿಗೂ ಬಂತು.

ಒಲೆಯ ಹಿಂದಿನ ಜಿಡ್ಡು ಚಾಕುವಿನಿಂದ ಕೆರೆದೆ. ಹಲಗೆಯ ಸಂದಿಯಲ್ಲಿ ಒಂದು ಸೌಟು ಸಿಕ್ಕಿತು — ಮಗಳು ಕಳೆದಳೆಂದು ಇವಳು ಬೈದದ್ದು ಇದಕ್ಕೇ. ಮಗಳು ಅದನ್ನು ಎತ್ತಿ ಹಿಡಿದು, "ಅಪ್ಪಾ, ನಾನು ನಿರಪರಾಧಿ ಅಂತ ಇವತ್ತು ತೀರ್ಪು ಬಂತು" ಅಂದಳು. ಮುಚ್ಚಳವಿಲ್ಲದ ಡಬ್ಬಿಗಳು, ಡಬ್ಬಿಯಿಲ್ಲದ ಮುಚ್ಚಳಗಳು. ಒಂದಕ್ಕೊಂದು ಜೋಡಿ ಹುಡುಕಿ ಸೋತೆ. ಹಳೇ ಬಾಣಲೆಯೊಂದನ್ನು ಎಸೆಯೋಣ ಅಂದೆ.

"ಅಮ್ಮನ್ನ ಕೇಳು."

"ಇದರ ತಳವೇ ಡೊಂಕು ಕಣೆ."

"ಅಮ್ಮ ಅದಕ್ಕೆ ಒಗ್ಗಿಹೋಗಿದ್ದಾಳೆ. ನಿನಗೆ ಒಗ್ಗಿಲ್ವಾ, ಹಾಗೆ."

ಬಾಣಲೆ ಉಳಿಯಿತು.

ಮಾರ್ಚ್ 8, ಮಧ್ಯಾಹ್ನ

ಇವತ್ತು ಒಂದು ಉಪಾಯ ಹೊಳೆಯಿತು! ಅಂಗಿಯ ಬಲಭಾಗ ಕತ್ತರಿಸುತ್ತಿದ್ದೆ. ಎಡಭಾಗಕ್ಕೆ ಬೇರೆ ಮಾದರಿ ಬೇಕಿಲ್ಲ. ಅದೇ ಕಾಗದವನ್ನು ಮಗುಚಿ ಹಾಕಿದರಾಯಿತು. ಅಲ್ಲಿಗೇ ಕತ್ತರಿ ನಿಂತಿತು.

ಇವಳ ಅಡುಗೆಮನೆ ಪೂರ್ತಿ ಬಲಗೈಯದು. ಒಲೆ ಬಲಕ್ಕೆ, ಚಹಾಪುಡಿ ಬಲಕ್ಕೆ, ಉಪ್ಪು, ಸೌಟು, ಇಕ್ಕಳ ಎಲ್ಲವೂ ಬಲಕ್ಕೆ. ಈಗ ಕೈ ಎಡದ್ದು. ಮನೆ ಬಲದ್ದಾದರೆ ಹೇಗೆ?

ಕಂದು ಕಾಗದದಲ್ಲಿ ಅಡುಗೆಮನೆಯ ಅಳತೆ ಬರೆದೆ. ಕಿಟಕಿಯ ಗಾಜಿಗೆ ಹಿಂದುಮುಂದಾಗಿ ಹಿಡಿದೆ. ಬೆಳಕಿಗೆ ಎಲ್ಲವೂ ಎಡಕ್ಕೆ ಬಂತು. ಸಿಂಕ್ ನಟ್ಟನಡುವೆ ಇದೆ. ಅಂಗಿಯ ಗುಂಡಿಪಟ್ಟಿಯಂತೆ. ಅದನ್ನು ಮುಟ್ಟಬೇಕಾಗಿಯೇ ಇಲ್ಲ. ಉಳಿದದ್ದನ್ನೆಲ್ಲ ಮಗುಚುವುದು.

ಮಗಳಿಗೆ ತೋರಿಸಿದೆ. ಅವಳು ಕಾಗದ ನೋಡಿದಳು, ನನ್ನ ನೋಡಿದಳು.

"ಇದೇನು ಅಂಗೀನಾ ಅಪ್ಪ?"

"ಅಂಗಿಗಿಂತ ಸುಲಭ. ಇದಕ್ಕೆ ಕಾಲರ್ ಇಲ್ಲ."

"ಅಮ್ಮನ್ನ ಒಂದು ಮಾತು ಕೇಳಿದ್ಯಾ?"

"ಕೇಳಿದ್ರೆ ಬಂದಾಗ ನೋಡೋಕೆ ಏನುಳಿಯುತ್ತೆ?"

"ಗಿರಾಕಿ ಇಲ್ದೇನೇ ಅಳತೆ ತಗೊಂಡಿದ್ದೀಯ. ಆಮೇಲೆ ಬಿಗಿ ಆಯ್ತು ಅಂದ್ರೆ ನನ್ನ ಕರೀಬೇಡ."

ಮಾರ್ಚ್ 12

ಬಡಗಿ ಬಂದ. ಬೀದಿಯಲ್ಲಿ ಅವನಿಗೆ 'ಆಮೇಲೆ' ಎಂದೇ ಹೆಸರು. ಯಾವ ಕೆಲಸ ಹೇಳಿದರೂ ಅದೇ ಉತ್ತರ. ಹಲಗೆಗಳನ್ನು ಎಡಗೋಡೆಗೆ ಹೊಡೆಯಬೇಕು ಅಂದೆ.

"ಬಲಕ್ಕಿದ್ರೆ ಏನು, ಕಚ್ಚುತ್ತಾ ಟೈಲರ್ರೇ? ನಾಲ್ಕು ದಿನ ನೋಡಿ, ಆಮೇಲೆ ಮಾಡೋಣ."

"ಆಮೇಲೆ ಇಲ್ಲ. ಇವತ್ತೇ."

ಗೊಣಗುತ್ತಲೇ ಹೊಡೆದ. ಗ್ಯಾಸಿನವನು ಉದ್ದದ ಪೈಪ್ ಹಾಕಿ ಒಲೆಯನ್ನು ಎಡಕ್ಕೆ ಕೂರಿಸಿಕೊಟ್ಟ. ಬಲಗೋಡೆಯ ಮೊಳೆಯ ತೂತುಗಳನ್ನು ಮುಚ್ಚಿ ನಾನೇ ಸುಣ್ಣ ಬಳಿದೆ. ಹಾಲಿನಂತೆ ಬೆಳ್ಳಗಿದೆ. ಒಂದು ಚುಕ್ಕೆ ಇಲ್ಲ.

ಮಾರ್ಚ್ 15

ಮೊನ್ನೆ ಒಂದು ಪರೀಕ್ಷೆ. ಸಮವಸ್ತ್ರದ ಬಟ್ಟೆಯ ಪಟ್ಟಿಯಿಂದ ನನ್ನ ಬಲಗೈಯನ್ನು ಸೊಂಟಕ್ಕೆ ಕಟ್ಟಿಕೊಂಡು ಚಹಾಕ್ಕೆ ನಿಂತೆ. ಅಯ್ಯೋ! ಒಂದು ಕೈಯಲ್ಲಿ ಡಬ್ಬಿಯ ಮುಚ್ಚಳ ಬರುವುದಿಲ್ಲ. ಡಬ್ಬಿಯೇ ಜೊತೆಗೆ ಏಳುತ್ತದೆ. ಹಲ್ಲಿನಲ್ಲಿ ಕಚ್ಚಿ ತೆಗೆಯುವ ಹೊತ್ತಿಗೆ ಸರಿಯಾಗಿ ಮಗಳು ಕೆಲಸದಿಂದ ಬಂದಳು. ಅಲ್ಲೇ ನೆಲದ ಮೇಲೆ ಕೂತು ನಕ್ಕಳು. ಆಮೇಲೆ ಕಣ್ಣು ಒರೆಸಿಕೊಂಡು ಒಳಗೆ ಹೋದಳು. ನಕ್ಕದ್ದಕ್ಕೇ ಬಂದ ನೀರೋ, ಏನೋ.

ಅಂದಿನಿಂದ ಒಂದೊಂದೇ ತೊಡಕು ಬಿಡಿಸುತ್ತಿದ್ದೇನೆ. ಬಿಗಿ ಮುಚ್ಚಳ ತೆಗೆದು, ಮೇಲೆ ಸುಮ್ಮನೆ ಕೂರುವ ತಟ್ಟೆ ಇಟ್ಟೆ. ಡ್ರಾಯರಿಗೆ ಬಟ್ಟೆಯ ಕುಣಿಕೆ — ಬೆರಳು ತೂರಿಸಿ ಎಳೆದರೆ ಸಾಕು. ತರಕಾರಿ ಹೆಚ್ಚುವ ಹಲಗೆಗೆ ಕೆಳಗಿನಿಂದ ಮೊಳೆ ಹೊಡೆದೆ. ಆಲೂಗಡ್ಡೆಯನ್ನು ಅದಕ್ಕೆ ಚುಚ್ಚಿ ನಿಲ್ಲಿಸಿದರೆ ಹಿಡಿಯಲು ಇನ್ನೊಂದು ಕೈ ಬೇಡ.

ಇವತ್ತು ಎಡಗೈ ಒಂದರಲ್ಲೇ ಚಹಾ ಮಾಡಿ, ಆಲೂಗಡ್ಡೆ ಹೆಚ್ಚಿ ಹುರಿದೆ. ಬಲಗೈಗೆ ಅಲ್ಲಿ ಏನೇನೂ ಕೆಲಸವಿರಲಿಲ್ಲ. ಹೆಮ್ಮೆಯಾಯಿತು.

ಮಾರ್ಚ್ 22

ಗುಬ್ಬಿ ಫೋನ್ ಮಾಡಿದ್ದಳು. ದನಿಯಲ್ಲೇ ನಗು.

"ಭಾವ, ಅಕ್ಕನ ವಿಷಯ ಒಂದಿದೆ. ಹೇಳ್ಬೇಡ ಅಂದಿದ್ದಾಳೆ. ಬಂದಾಗ ನೀವೇ ನೋಡಿ."

"ಇಲ್ಲೂ ಒಂದಿದೆ. ಅವಳಿಗೆ ಹೇಳ್ಬೇಡ. ಬಂದಾಗ ಅವಳೇ ನೋಡ್ಲಿ."

"ಒಳ್ಳೇ ಗಂಡ ಹೆಂಡತಿ! ನಡುವೆ ನನ್ನ ಹೊಟ್ಟೆ ಒಡೀತಾ ಇದೆ."

ಮಾರ್ಚ್ 31, ಸಂಜೆ

ನಿನ್ನೆ ಬಂದಳು. ನಿನ್ನೆ ಬರೆಯುವ ಮನಸ್ಸಾಗಲಿಲ್ಲ.

ಕಂಬಿ ಹಿಡಿದು ತಾನೇ ಮೆಟ್ಟಿಲು ಹತ್ತಿದಳು. ಹಿಂದೆ ಚೀಲ ಹೊತ್ತ ಗುಬ್ಬಿ. ಅಡುಗೆಮನೆಯ ಬಾಗಿಲಲ್ಲಿ "ಕಣ್ಣು ಮುಚ್ಚು" ಅಂದೆ. "ಈ ವಯಸ್ಸಲ್ಲಿ ಏನ್ರೀ ಆಟ" ಅಂದಳು. ಆದರೂ ಮುಚ್ಚಿದಳು.

ಕಣ್ಣು ಬಿಟ್ಟ ಮೇಲೆ ನನ್ನ ಬಾಯಿ ನಿಲ್ಲಲಿಲ್ಲ. ಒಲೆ ನೋಡು, ಕುಣಿಕೆ ನೋಡು, ಮೊಳೆ ಹಲಗೆ ನೋಡು. ಗುಬ್ಬಿ "ಅಬ್ಬಾ ಭಾವ!" ಎಂದು ಚಪ್ಪಾಳೆ ತಟ್ಟಿದಳು. ಇವಳು ಒಳಗೆ ಬಂದು ಕಟ್ಟೆಗೆ ಒರಗಿ ನಿಂತಳು. ಆಗ ಬಲಗೈ... ಮೆಲ್ಲಗೆ... ಎದ್ದಿತು. ಮಡಿಲಲ್ಲಿ ಬಿದ್ದಿರುತ್ತಿದ್ದ ಆ ಕೈ. ನಡುಗುತ್ತಾ ಕಟ್ಟೆಯ ಮೇಲೆ ಬಂತು. ಹೆಬ್ಬೆರಳೂ ಎರಡು ಬೆರಳೂ ಏನನ್ನೋ ಹಿಡಿಯುವಂತೆ ಕೂಡಿದವು. ಚಹಾಪುಡಿಯ ಡಬ್ಬಿ ಇರುತ್ತಿದ್ದ ಜಾಗಕ್ಕೆ ಹೋಯಿತು. ಅಲ್ಲಿ ಬಿಳಿ ಗೋಡೆ. ಬೆರಳುಗಳು ಗೋಡೆ ಮುಟ್ಟಿ ನಿಂತವು.

"ಕೈ ಏಳುತ್ತೆ!" ಕೂಗಿಬಿಟ್ಟೆ.

"ಏಳುತ್ತೆ. ಎದ್ದು ಏನು ಮಾಡ್ಲಿ? ಇಲ್ಲಿ ಅದಕ್ಕೆ ಏನು ಕೆಲಸ ಇಟ್ಟಿದ್ದೀರಿ?"

"ಅದು ಆರಾಮಾಗಿರಲಿ ಅಂತ..."

"ಆರಾಮಾಗಿರಬಾರದು ಅಂತಲೇ ಆ ವ್ಯಾಯಾಮದ ಹುಡುಗಿ ದಿನಾ ನನ್ನ ಜೀವ ಹಿಂಡಿದ್ದು."

ಗುಬ್ಬಿ ಹೊರಡುವಾಗ ಮೆಟ್ಟಿಲ ಬಳಿ ಬಿಡಿಸಿ ಹೇಳಿದಳು. ಈ ಕೆಲವು ತಿಂಗಳಲ್ಲಿ ಕೈಗೆ ಕೆಲಸ ಬಿದ್ದರೆ ಕೈ ಬಂತು. ಇಲ್ಲದಿದ್ದರೆ ಬಂದಷ್ಟೂ ಮರೆತುಹೋಗುತ್ತದೆಯಂತೆ. ಇವಳು ಅಲ್ಲಿ ಚೆಂಡು ಹಿಸುಕಿದ್ದು, ಕಾಳು ಹೆಕ್ಕಿದ್ದು ಎಲ್ಲವೂ ಈ ಅಡುಗೆಮನೆಯ ಆಸೆಗೇ ಅಂತೆ. 'ನನ್ನ ಚಹಾಡಬ್ಬಿ ತಲುಪಿದ್ರೆ ಸಾಕು' ಅನ್ನುತ್ತಿದ್ದಳಂತೆ.

ಮಲಗುವ ಮುಂಚೆ ನನ್ನ ಕಡೆ ತಿರುಗದೆಯೇ ಹೇಳಿದಳು. "ಶಾಲೆ ಮಕ್ಕಳ ಬಟ್ಟೆಗೆ, ಬೆಳೀತಾರೆ ಅಂತ ಒಳಗೆ ಮಡಿಕೆ ಬಿಟ್ಟು ಹೊಲಿತೀರಿ. ನನಗೆ ಬಿಡ್ಲಿಲ್ವಲ್ರೀ."



ಏಪ್ರಿಲ್ 5

ಅಡುಗೆಮನೆಗೆ ಕಾಲಿಡುತ್ತಿಲ್ಲ. ಕಿಟಕಿಯ ಬಳಿ ಕೂತಿರುತ್ತಾಳೆ. ಕೈ ಮತ್ತೆ ಮಡಿಲಲ್ಲಿ. ಮೊದಲ ದಿನ ಅಷ್ಟೆತ್ತರ ಎದ್ದದ್ದು ನಿನ್ನೆ ಬಟ್ಟಲು ಎತ್ತಲೂ ಬೇಸರ ಮಾಡಿತು. 

ಎಲ್ಲವನ್ನೂ ಮೊದಲಿನಂತೆ ಮಾಡಿಬಿಡುತ್ತೇನೆ ಅಂದೆ.

"ಮೊದಲಿನ ಹಾಗೆ ಅಂದ್ರೆ ಮೇಲಿನ ಹಲಗೆ ನನಗೆ ಎಟುಕಲ್ಲ. ಬಿಡಿ."

ಮಗಳು ಮೊಟ್ಟೆ ಬೇಯಿಸಿದಳು, ಬ್ರೆಡ್ಡು ಸುಟ್ಟಳು. ಸುಟ್ಟಳು ಎಂದರೆ ಸುಟ್ಟೇಬಿಟ್ಟಳು. ಅಡುಗೆಮನೆಗೆ ಹೋಗಿ ಪಾತ್ರೆ ಕುಕ್ಕಿ ಕುಕ್ಕಿ ಇಡುತ್ತಾ ಜೋರಾಗಿ, ಇಬ್ಬರಿಗೂ ಕೇಳುವ ಹಾಗೆ, ಅಂದಳು: "ಬಟ್ಟೆ ಬಿಗಿ ಆದ್ರೆ ಗಿರಾಕಿ ಅಂಗಡಿಗೆ ಬರ್ತಾರೆ. ಬರದೇ ಇದ್ರೆ ಟೈಲರ್ ಹೋಗ್ಬೇಕು. ಇಬ್ಬರೂ ಕೂತ್ಕೊಂಡ್ರೆ ಬಟ್ಟೆ ತಾನೇ ನಡ್ಕೊಂಡು ಬರುತ್ತಾ?"

ಏಪ್ರಿಲ್ 6, ಬೆಳಿಗ್ಗೆ

ಟೇಪು ಕೊರಳಿಗೆ ಹಾಕಿಕೊಂಡು ಹೋಗಿ ಮುಂದೆ ನಿಂತೆ.

"ಅಳತೆ ಕೊಡ್ತೀಯಾ?"

ಟೇಪಿನ ತುದಿ ಹಿಡಿದು ನೋಡಿದಳು. "ಈಗ ಬಂತಾ ಜ್ಞಾನ" ಅಂದಳು. ಎದ್ದಳು.

ಕಟ್ಟೆಯ ಮುಂದೆ ನಿಲ್ಲಿಸಿದೆ. ಬಲಗೈ ಎತ್ತು ಅಂದೆ. ನನ್ನ ಅಂಗಿಯ ಮೂರನೆಯ ಗುಂಡಿಯ ಮಟ್ಟಕ್ಕೆ ಬಂದು ನಿಂತಿತು. ಪಕ್ಕಕ್ಕೆ ಚಾಚು ಅಂದೆ. ಸಿಂಕಿನ ಅಂಚು ದಾಟಿತು. ಅಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದೆ. ಬೆಳ್ಳನೆ ಗೋಡೆಯಲ್ಲಿ ಗೆರೆ ಕಾಣಲಿಲ್ಲ. "ನಿಮ್ಮ ಸುಣ್ಣಕ್ಕೆ ಬೆಂಕಿ ಹಾಕ" ಎಂದು ನಕ್ಕಳು. ಬಂದ ಮೇಲೆ ಮೊದಲ ನಗು. ನೀಲಿ ಸೀಮೆಸುಣ್ಣ ತಂದೆ.

ಗೆರೆಯ ಮೇಲೆಯೇ ಚಹಾಡಬ್ಬಿ ಇಡೋಣ ಅಂದೆ.

"ಗೆರೆಗಿಂತ ಒಂದು ಬೆರಳು ಆಚೆ."

"ಎಟುಕಲ್ಲವಲ್ಲ?"

"ಎಟುಕಬಾರದು. ನಾಳೆ ಎಟುಕಬೇಕು."

ಎಲ್ಲವನ್ನೂ ಅವಳೇ ಹೇಳಿದಳು. ಬೆಂಕಿ, ಚಾಕು, ಬಿಸಿ — ಎಡಕ್ಕೇ ಇರಲಿ. ಸುಟ್ಟುಕೊಳ್ಳುವ ಶೌರ್ಯ ಬೇಡ. ಚಹಾ, ಸಕ್ಕರೆ, ಉಪ್ಪು, ಚಮಚ, ಒರೆಸುವ ಬಟ್ಟೆ ಬಲಕ್ಕೆ. ಡ್ರಾಯರಿನ ಕುಣಿಕೆ ಇಷ್ಟವಾಯಿತಂತೆ, ಬಲಬೆರಳಿಗೂ ಸಿಗುತ್ತದೆ. ಮೊಳೆ ಹಲಗೆಯನ್ನು ಮಾತ್ರ ಮಗಳಿಗೆ ಕೊಟ್ಟಳು. "ಆಲೂಗಡ್ಡೆ ನಾನೇ ಹಿಡೀತೀನಿ. ಜಾರಿದ್ರೆ ಜಾರ್ಲಿ."

'ಆಮೇಲೆ' ಮತ್ತೆ ಬಂದ. ಸುಣ್ಣದ ಗೋಡೆಗೆ ಮತ್ತೆ ಹಲಗೆ! ಮೊಳೆ ಬಾಯಲ್ಲಿಟ್ಟುಕೊಂಡೇ ಅಂದ: "ಆಮೇಲೆ ಮಾಡೋಣ ಅಂತ ನಾನು ಆಗ್ಲೇ ಹೇಳಿದ್ದೆ." ಜೀವನದಲ್ಲಿ ಮೊದಲ ಸಲ ಅವನ ಮಾತು ಸರಿಯಾಯಿತು. ಚಹಾ ಕುಡಿಯದೆ ಹೋಗಲಿಲ್ಲ.

ಹಲಗೆ ಕೂರುವ ಪಟ್ಟಿಗಳಿಗೆ ಒಂದರ ಮೇಲೊಂದು ಕಚ್ಚು ಬಿಡಿಸಿದ್ದೇನೆ. ಕೈ ಎತ್ತರಕ್ಕೆ ಹೋದಂತೆ ಹಲಗೆಯನ್ನೂ ಏರಿಸಬಹುದು. ಮಡಿಕೆ ಬಿಟ್ಟೆ ಅಂದೆ. ಅವಳು ನನ್ನ ತೋಳಿನ ಮೇಲಿದ್ದ ಸೀಮೆಸುಣ್ಣವನ್ನು ಬಲಗೈಯಲ್ಲೇ ಒರೆಸಲು ನೋಡಿ ಇನ್ನಷ್ಟು ಹರಡಿದಳು.

ಏಪ್ರಿಲ್ 9

ಸಕ್ಕರೆ ಚೆಲ್ಲಿತು. ಎರಡು ಸಲ. ನಾನು ಓಡಿದೆ. ಬೈಸಿಕೊಂಡೆ.

ಏಪ್ರಿಲ್ 10

ಒಂದು ಬಟ್ಟಲು ಒಡೆಯಿತು. ಓಡಿದೆ. ಇನ್ನೂ ಜೋರಾಗಿ ಬೈಸಿಕೊಂಡೆ. "ನೀವು ಹಿಡಿಯೋಕೆ ಬರ್ತೀರಿ ಅಂತ ಈ ಕೈಗೆ ಗೊತ್ತಾಗಿಬಿಟ್ಟಿದೆ ಕಣ್ರೀ. ಅದು ನಿಮ್ಮನ್ನೇ ಕಾಯುತ್ತೆ. ಏನು ಬಿದ್ದರೂ ಒಳಗೆ ಬರಬೇಡಿ. ನಾನು ಕರೆದ್ರೆ ಮಾತ್ರ."

ಏಪ್ರಿಲ್ 14, ಬೆಳಿಗ್ಗೆ

ಮಿಷನ್ ತುಳಿದರೆ ಒಳಗಿನ ಸದ್ದು ಕೇಳುವುದಿಲ್ಲ. ತುಳಿಯದೆ ಸುಮ್ಮನೆ ಕೂತರೆ ಕಾಲು ತಾನೇ ಒಳಗೆ ಓಡುತ್ತದೆ. ಅದಕ್ಕೆ ಈ ಕಾಗದ. ಇವತ್ತು ನಿಜವಾಗಿಯೂ ನಿನಗೇ ಬರೆಯುತ್ತಿದ್ದೇನೆ ಗುಬ್ಬಿ. ಈ ಹಾಳೆ ಹರಿದು ಅಂಚೆಗೆ ಹಾಕುತ್ತೇನೆ.

ನಿನ್ನ ಅಕ್ಕ ಒಳಗಿದ್ದಾಳೆ. ಬಾಗಿಲು ಅರ್ಧ ಮುಚ್ಚಿಕೊಂಡಿದ್ದಾಳೆ. ಬಂದ ಮೇಲೆ ಮೊದಲ ಸಲ ಒಬ್ಬಳೇ ಚಹಾಕ್ಕೆ ನಿಂತಿದ್ದಾಳೆ. ನೀರು ಬಿಟ್ಟ ಸದ್ದು ಬಂತು. ಒಲೆ ಹತ್ತಿದ ಸದ್ದು ಬಂತು.

ಏನೋ ಬಿತ್ತು. ಚಮಚ ಇರಬೇಕು, ಸಣ್ಣ ಸದ್ದು. ಎದ್ದಿಲ್ಲ.

ಅವಳೇ ಅದನ್ನು ಬೈಯುತ್ತಿದ್ದಾಳೆ. ಚಮಚವನ್ನೋ ಕೈಯನ್ನೋ. ನನ್ನನ್ನಂತೂ ಅಲ್ಲ.

ಈಗ ದೊಡ್ಡದೇನೋ ಬಿತ್ತು. ಉರುಳಿತು. ಉರುಳುತ್ತಲೇ ಇದೆ... ನಿಂತಿತು. ಕುರ್ಚಿಯ ಅಂಚು ಹಿಡಿದು ಕೂತಿದ್ದೇನೆ. ಅಕ್ಷರ ಸೊಟ್ಟಗಾದರೆ ಕ್ಷಮಿಸು. ಮಗಳು ಎದುರಿಗೆ ಟಿಫಿನ್ ಚೀಲ ಹಿಡಿದು ನಿಂತಿದ್ದಾಳೆ. ಕೆಲಸಕ್ಕೆ ಹೊತ್ತಾಯಿತು, ಹೋಗುತ್ತಿಲ್ಲ. ಬಾಯಿಗೆ ಬೆರಳಿಟ್ಟು ನನಗೆ ಸುಮ್ಮನಿರು ಅನ್ನುತ್ತಾಳೆ. ನಾನೆಲ್ಲಿ ಮಾತಾಡಿದೆ?

ಡಬ್ಬಿಯ ತಟ್ಟೆ ತೆಗೆದಿಟ್ಟ ಸದ್ದು. ಅದು ಬಲಗಡೆಯದು ಗುಬ್ಬಿ. ಗೆರೆಯಾಚೆಯದು.

ಚಹಾದ ವಾಸನೆ ಬರುತ್ತಿದೆ.

ನೀನು ಬೇಗ ಉತ್ತರ ಬರಿ. ಉದ್ದಕ್ಕೆ ಬರಿ, ಷಡ್ಡಕರ ಕೆಮ್ಮಿನಿಂದ ಹಿಡಿದು ಪುಟ್ಟಿಯ ಹಲ್ಲಿನವರೆಗೆ. ಇನ್ನು ಮೇಲೆ ಅವಳು ದಿನಾ ಒಳಗೆ ಹೋಗುತ್ತಾಳೆ, ಆಗೆಲ್ಲ ನನಗೆ ಇಲ್ಲಿ ಕೂರಲು ಓದುವುದಕ್ಕೋ ಬರೆಯುವುದಕ್ಕೋ ಏನಾದರೂ ಬೇಕು. ಇಲ್ಲದಿದ್ದರೆ ನಾನು

"ಏನ್ರೀ—"

ಕರೆದಳು. ಬಟ್ಟಲು ತೆಗೆದುಕೊಳ್ಳಿ ಅಂತಲೋ, ಏನೋ. ಕರೆದರೆ ಹೋಗಬಹುದಲ್ಲ. ಬೇಗ ಬರಿ, ಮರೀಬೇಡ, ನಾನು ಈಗ