ಮುಳುಗಿದ ಮನೆಗಳಿಗೆ ಕರೆ

ಬುಧವಾರ, ೧೪ ಮೇ ೨೦೨೫

ಅಜ್ಜಿಯ ದನಿ ಇನ್ನೂ ಕಿವಿಯಲ್ಲೇ ಇದೆ. ಇವತ್ತು ನನ್ನ ಲಗ್ನಕ್ಕೆ ಕರೆಯುವ ಮೊದಲ ಅಕ್ಷತೆಯನ್ನು ರೂಢಿಯಂತೆ ಡ್ಯಾಮಿನ ನೀರಿಗೆ ಹಾಕಿ, ಮುಳುಗಿದ ಹಳೆ ಊರಿನ ಸತ್ತವರನ್ನು ಓಣಿ ಓಣಿಯಾಗಿ ಹೆಸರು ಹಿಡಿದು ಕರೆದಳು.

"ಕಾಶಿರಾಮಣ್ಣ, ಮನಿಮಂದಿ ಎಲ್ಲಾ ಬರ್ರಿ."

ಹಳೆ ಊರಿನ ಹೊಳೆದಂಡೆಯಲ್ಲಿದ್ದ ಬೇವಿನ ಮರದವರೆಗೆ ಕರೆದು ನಿಲ್ಲಿಸಿಬಿಟ್ಟಳು. ಆ ಮರದಾಚೆ, ಊರ ಹೊರಗೆ, ಸರಿತಾಳ ಅಜ್ಜನವರ ಕೇರಿ ಇತ್ತು. ಅಕ್ಷತೆಯ ತಾಟು ಹಿಡಿದು ಪಕ್ಕದಲ್ಲಿ ನಿಂತವಳು ಅವಳೇ, ಹುಮನಾಬಾದ ಕಾಲೇಜಿನ ನನ್ನ ಗೆಳತಿ.

"ಅಜ್ಜಿ, ಅತ್ತಾಗಿನವರು?" ಎಂದೆ.

"ಇದ್ದಾಗೇ ಕರದಿಲ್ಲ, ಈಗ್ಯಾಕ?"

ಸರಿತಾ ಖಾಲಿ ತಾಟನ್ನು ಅದೇ ನೀರಿನಲ್ಲಿ ಬಹಳ ಹೊತ್ತು ತೊಳೆದಳು.

ಈಗ ರಾತ್ರಿ ಕಣ್ಣು ಮುಚ್ಚಿದರೆ ನೀರಿನಡಿಯ ಆ ಕೇರಿಯ ಬಾಗಿಲುಗಳಲ್ಲಿ ಜನ ಕಾಯುತ್ತ ನಿಂತಿದ್ದಾರೆ. ನಾನಾದರೂ ಕರೆಯೋಣವೆಂದು ಎದ್ದು ಕೂತೆ. ಅವರಲ್ಲಿ ಒಬ್ಬರ ಹೆಸರೂ ನನಗೆ ಗೊತ್ತಿಲ್ಲ.